ಅಡ್ಡ ಲೋಲಕದ ಭೂಕಂಪಮಾಪಕ: ಕಟ್ಟಿದ್ದು, ರಿಪೇರಿ ಮಾಡಿದ್ದು, ಅದರಲ್ಲಿ ಓದಿದ್ದು

ಕೈಯಾರೆ ಕಟ್ಟಬಹುದಾದ ಭೂಕಂಪಮಾಪಕಗಳಲ್ಲಿ ಎರಡು ಬಗೆ. ಒಂದು, ಫೋನಿನೊಳಗೆ ಇರುವಂಥ ಸಣ್ಣ ಚಿಪ್ ತಂದು ಬೋರ್ಡಿಗೆ ಬೆಸೆದು ಕೋಡ್ ಹಾಕುವುದು. ಒಂದು ಸಂಜೆಯ ಕೆಲಸ. ಹತ್ತಿರದಲ್ಲಿ ನೆಲ ಜೋರಾಗಿ ಅಲುಗಿದರೆ ಅದು ಹೇಳುತ್ತದೆ. ಆದರೆ ಅಷ್ಟು ಜೋರಾಗಿ ಅಲುಗಿದ್ದು ನಮಗೂ ಗೊತ್ತಾಗಿಯೇ ಇರುತ್ತದೆ, ಅಲ್ವಾ? ಇನ್ನೊಂದು ಬಗೆ ಹಳೇ ಕಾಲದ್ದು. ಒಂದು ತೂಕ, ಒಂದು ತಂತಿ, ಒಂದು ಮೊನೆ. ಸಾವಿರಾರು ಕಿಲೋಮೀಟರ್ ಆಚೆ ಬಂಡೆ ಬಿರಿದರೂ ಇದಕ್ಕೆ ಗೊತ್ತಾಗುತ್ತದೆ, ಆ ಅಲೆ ಭೂಮಿಯ ಹೊಟ್ಟೆಯೊಳಗೆ ಹಾದು ಬಂದಿದ್ದರೂ ಸರಿ. ನಾನು ಕಟ್ಟಿದ್ದು ಈ ಎರಡನೆಯದು. ಹೇಗೆ ಕಟ್ಟಿದೆ, ಎಲ್ಲಿ ತೊಡಕಾಯಿತು, ಕೊನೆಗೆ ಅದರ ಗೀಟುಗಳಲ್ಲಿ ಏನು ಓದಲು ಬಂತು ಎಂಬುದು ಇಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಯಂತ್ರವನ್ನು ಸೂಕ್ಷ್ಮ ಮಾಡುವುದು ಕಷ್ಟವಲ್ಲ. ಅದನ್ನು ಸುಮ್ಮನೆ ಕೂರಿಸುವುದು ಕಷ್ಟ. ಹೆಚ್ಚಿನ ಕೆಲಸ ಹೋಗಿದ್ದು ಅಲ್ಲೇ.

ಯಾಕೆ ಅಡ್ಡಲಾಗಿ

ದೂರದ ದೊಡ್ಡ ಭೂಕಂಪದ ಮೇಲ್ಮೈ ಅಲೆಗಳು, ಅಂದರೆ ನೆಲದ ಮೇಲ್ಭಾಗದಲ್ಲೇ ಹರಡಿ ಬರುವ ಅಲೆಗಳು, ತುಂಬಾ ನಿಧಾನ. ನೆಲ ಒಂದು ಸಲ ಆ ಕಡೆ ಹೋಗಿ ಈ ಕಡೆ ಬರಲು ಸುಮಾರು 20 ಸೆಕೆಂಡ್ ಬೇಕು. ಅಷ್ಟು ನಿಧಾನದ ಅಲುಗಾಟ ನಮ್ಮ ಕಾಲಿಗೆ ತಿಳಿಯುವುದೇ ಇಲ್ಲ. ಅದನ್ನು ಅಳೆಯಲು ನೆಲದ ಜೊತೆ ಹೋಗದೆ, ಇದ್ದಲ್ಲೇ ಉಳಿಯುವ ಒಂದು ತೂಕ ಬೇಕು. ತೂಕ ಹಾಗೆ ಉಳಿಯಬೇಕಾದರೆ ಅದರ ಸ್ವಂತ ಓಲಾಟವೂ ಅಷ್ಟೇ ನಿಧಾನವಾಗಿರಬೇಕು.

ದಾರಕ್ಕೆ ಕಟ್ಟಿದ ಸಾದಾ ಲೋಲಕ 20 ಸೆಕೆಂಡಿಗೆ ಒಂದು ಸಲ ಓಲಾಡಬೇಕಾದರೆ ದಾರ 99 ಮೀಟರ್ ಉದ್ದ ಇರಬೇಕು. ಅಷ್ಟೆತ್ತರದ ಜಾಗ ಎಲ್ಲಿಂದ ತರುವುದು? ಇದಕ್ಕೊಂದು ಹಳೇ ಉಪಾಯ ಇದೆ. ಕೀಲು ಸ್ವಲ್ಪ ವಾಲಿರುವ ಕದವನ್ನು ನೋಡಿ. ಅದನ್ನು ಎಲ್ಲಿಗೆ ತಳ್ಳಿ ಬಿಟ್ಟರೂ ಮೆಲ್ಲಗೆ ತನ್ನದೇ ಒಂದು ಜಾಗಕ್ಕೆ ಬಂದು ನಿಲ್ಲುತ್ತದೆ. ವಾಲು ಕಡಿಮೆಯಾದಷ್ಟೂ ಬರುವುದು ನಿಧಾನ. ಅಡ್ಡ ಲೋಲಕ ಎಂದರೆ ಇಷ್ಟೇ. ನೆಟ್ಟಗಿನ ಕಂಬ, ಅದರ ಬುಡಕ್ಕೆ ಆನಿಸಿದ ಅಡ್ಡ ಸರಳು, ಸರಳಿನ ತುದಿಯಲ್ಲಿ ತೂಕ, ತೂಕವನ್ನು ಕಂಬದ ತಲೆಗೆ ಎಳೆದು ಕಟ್ಟಿದ ತಂತಿ. ಇಡೀ ಚೌಕಟ್ಟನ್ನು ತೂಕದ ಕಡೆಗೆ ಒಂದು ಚೂರು ಬಗ್ಗಿಸಿದರೆ, 60 ಸೆಂಟಿಮೀಟರ್ ಸರಳು ಹತ್ತಾರು ಮೀಟರ್ ಉದ್ದದ ಲೋಲಕದ ಕೆಲಸ ಮಾಡುತ್ತದೆ.

ದೂರದ ಭೂಕಂಪವೊಂದು ಮೊದಲ ಸಲ ಸಿಕ್ಕಿಬಿದ್ದದ್ದೂ ಇಂಥದ್ದೇ ಯಂತ್ರದಲ್ಲಿ. ಜರ್ಮನಿಯ ಖಗೋಳ ವಿಜ್ಞಾನಿ ಅರ್ನ್‌ಸ್ಟ್ ಫಾನ್ ರೆಬೋರ್ ಪಾಶ್ವಿಟ್ಸ್ ಪಾಟ್ಸ್‌ಡ್ಯಾಮ್ ಮತ್ತು ವಿಲ್‌ಹೆಲ್ಮ್ಸ್‌ಹಾಫನ್‌ನಲ್ಲಿ ಅಡ್ಡ ಲೋಲಕಗಳನ್ನು ಇಟ್ಟಿದ್ದರು. ಅವರಿಗೆ ಭೂಕಂಪ ಬೇಕಿರಲಿಲ್ಲ. ನೆಲ ಎಷ್ಟು ಸೂಕ್ಷ್ಮವಾಗಿ ವಾಲುತ್ತದೆ ಎಂದು ನೋಡುತ್ತಿದ್ದರು. 1889ರ ಏಪ್ರಿಲ್ ತಿಂಗಳಲ್ಲಿ ಒಂದು ದಿನ ಎರಡೂ ಕಡೆ ಗೀಟು ಒಮ್ಮೆಲೇ ಕದಡಿತು. ಅದೇ ದಿನ ಜಪಾನಿನಲ್ಲಿ ಭೂಕಂಪ ಆಗಿತ್ತು ಎಂಬುದು ಆಮೇಲೆ ತಾಳೆಯಾಯಿತು. ಯಾವುದೋ ಲೆಕ್ಕಕ್ಕೆ ಇಟ್ಟ ಯಂತ್ರಕ್ಕೆ ಇನ್ನೇನೋ ಸಿಕ್ಕಿತು.

ಚೌಕಟ್ಟು, ಸರಳು, ತೂಕ

ಇದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಬುಡಕ್ಕೆ ದಪ್ಪ ಅಲ್ಯೂಮಿನಿಯಂ ಹಲಗೆ. 40 ಸೆಂಟಿಮೀಟರ್ ಎತ್ತರದ ಕಂಬ. ಹಿತ್ತಾಳೆಯ ಸರಳು, ತುದಿಗೆ ಎರಡೂವರೆ ಕಿಲೋ ಸೀಸ. ಹಿತ್ತಾಳೆ, ಸೀಸ, ಅಲ್ಯೂಮಿನಿಯಂ ಯಾಕೆ ಅಂದರೆ ಇವು ಯಾವುವೂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ತುದಿಯಲ್ಲಿ ಬಲವಾದ ಆಯಸ್ಕಾಂತಗಳು ಬರುತ್ತವೆ. ಅಲ್ಲಿ ಒಂದು ಕಬ್ಬಿಣದ ಸ್ಕ್ರೂ ಇದ್ದರೂ ಸರಳು ಆ ಕಡೆಗೇ ಎಳೆದುಕೊಳ್ಳುತ್ತದೆ.

ತಂತಿಗೆ 0.4 ಮಿಲಿಮೀಟರ್ ದಪ್ಪದ ಪಿಯಾನೋ ತಂತಿ. ಅದರ ಮೇಲೆ ಬೀಳುವ ಎಳೆತ ಸುಮಾರು 44 ನ್ಯೂಟನ್. ಅಂದರೆ ನಾಲ್ಕೂವರೆ ಕಿಲೋ ತೂಕ ನೇತುಹಾಕಿದಷ್ಟು. ಈ ತಂತಿಗೆ ಅದು ಏನೂ ಅಲ್ಲ. ತಂತಿಯ ಕೊಕ್ಕೆ ಸೀಸದ ನಡುಮಧ್ಯಕ್ಕೇ ಬರುವಂತೆ ನೋಡಿಕೊಂಡೆ. ಹಾಗಿದ್ದರೆ ಭಾರವೆಲ್ಲ ತಂತಿಗೆ ಹೋಗುತ್ತದೆ. ಕಂಬದ ಬುಡದ ಆನಿಕೆಗೆ ಬರೀ ಒತ್ತು ಉಳಿಯುತ್ತದೆ.

ಹಲಗೆಯ ಕೆಳಗೆ ಮೂರು ಲೆವೆಲಿಂಗ್ ಸ್ಕ್ರೂ, ಒಂದು ಸುತ್ತಿಗೆ 1 ಮಿಲಿಮೀಟರ್ ಏರುವಂಥವು. ಮುಂದೆ ಹಿಂದೆ ವಾಲಿಸುವ ಸ್ಕ್ರೂ ಒಂದು ಓಲಾಟಕ್ಕೆ ಹಿಡಿಯುವ ಕಾಲವನ್ನು ಬದಲಿಸುತ್ತದೆ. ಎಡ ಬಲ ವಾಲಿಸುವ ಸ್ಕ್ರೂ ಸರಳು ಎಲ್ಲಿ ನಿಲ್ಲಬೇಕು ಎಂಬುದನ್ನು. ಎರಡೂ ಬೇರೆ ಬೇರೆ ಇದ್ದರೆ ತಲೆನೋವು ಅರ್ಧ ಕಡಿಮೆ.

ಮೊನೆಯ ರಿಪೇರಿ

ಸರಳಿನ ಹಿಂದಿನ ತುದಿ ಕಂಬಕ್ಕೆ ಆನುವ ಜಾಗ ಈ ಯಂತ್ರದ ಪ್ರಾಣ. ಮೊದಲ ಜೋಡಣೆಯಲ್ಲಿ ಚೂಪು ಮಾಡಿದ ಉಕ್ಕಿನ ಬೋಲ್ಟ್ ಇತ್ತು. ಅದು ಹಿತ್ತಾಳೆಯ ತಗಡಿನಲ್ಲಿ ಮಾಡಿದ ಸಣ್ಣ ಕುಳಿಯಲ್ಲಿ ಕೂರುತ್ತಿತ್ತು. ಶುರುವಿಗೆ ಚೆನ್ನಾಗೇ ಓಲಾಡಿತು. ಬರುಬರುತ್ತಾ ಗೀಟಿನಲ್ಲಿ ಮೆಟ್ಟಿಲು ಕಾಣತೊಡಗಿತು. ಗೀಟು ನೇರವಾಗಿ ಹೋಗುತ್ತಿರುತ್ತದೆ, ಒಮ್ಮೆ ಟಪ್ ಎಂದು ಹಾರಿ ಮತ್ತೆ ನೇರ. ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಹಿತ್ತಾಳೆಯ ಕುಳಿ ಆಳವಾಗಿತ್ತು, ಮೊನೆ ಮೊಂಡಾಗಿತ್ತು. ಮೊನೆ ಕುಳಿಯ ಗೋಡೆಗೆ ಕಚ್ಚಿಕೊಳ್ಳುತ್ತಿತ್ತು. ಒತ್ತಡ ಸೇರುತ್ತಾ ಸೇರುತ್ತಾ ತಡೆಯಲಾರದೆ ಜಾರುತ್ತಿತ್ತು.

ಸ್ವಲ್ಪ ಯೋಚಿಸಿ ನೋಡಿ, ಭೂಕಂಪ ಆಗುವುದೂ ಇದೇ ರೀತಿ. ಎರಡು ಬಂಡೆಗಳ ನಡುವಿನ ಬಿರುಕು ಕಚ್ಚಿಕೊಂಡಿರುತ್ತದೆ. ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳಾದ ಪ್ಲೇಟುಗಳು ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತಲೇ ಇರುತ್ತವೆ. ಬಿರುಕಿನ ಬಳಿ ಬಂಡೆ ಜಾರುವುದಿಲ್ಲ, ಬದಲಿಗೆ ಬಾಗುತ್ತದೆ. ಹಲವು ದಶಕ, ಕೆಲವೊಮ್ಮೆ ಶತಮಾನಗಟ್ಟಲೆ ಬಾಗುತ್ತದೆ. ಒಂದು ದಿನ ಹಿಡಿತ ತಪ್ಪಿ, ಬಾಗಿದ ಬಂಡೆ ಕೆಲವೇ ಸೆಕೆಂಡುಗಳಲ್ಲಿ ನೆಟ್ಟಗಾಗುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಲ್ಲಿ ಬೇಲಿಗಳು, ರಸ್ತೆಗಳು ಬಿರುಕಿನ ಎರಡು ಬದಿಗೆ ಹಲವು ಮೀಟರ್ ಸರಿದು ನಿಂತವು. ಅದನ್ನು ಅಳೆದು ಹ್ಯಾರಿ ರೀಡ್ 1910ರಲ್ಲಿ ಈ ವಿವರಣೆ ಕೊಟ್ಟರು. ಕಚ್ಚುವುದು, ಜಾರುವುದು. ಬಂಡೆಯಲ್ಲಿ ಇದಾದರೆ ಭೂಕಂಪ. ಸರಳು ಆನುವ ನನ್ನ ಪಿವಟ್‌ನಲ್ಲಿ ಇದಾದರೆ ಬರೀ ಕಿರಿಕಿರಿ.

ರಿಪೇರಿ ಸುಲಭವಾಯಿತು. ಬೋಲ್ಟ್ ತೆಗೆದು ಸರಳಿನ ತುದಿಗೆ ಬೇರಿಂಗಿನ ಒಂದು ಗುಂಡು ಅಂಟಿಸಿದೆ. ಕಂಬದ ಕಡೆ ಚೆನ್ನಾಗಿ ಹೊಳಪು ಕೊಟ್ಟ ಗಟ್ಟಿ ಉಕ್ಕಿನ ಚಪ್ಪಟೆ ತುಂಡು. ಗುಂಡು ಚಪ್ಪಟೆಯ ಮೇಲೆ ಉರುಳುತ್ತದೆ, ಉಜ್ಜುವುದಿಲ್ಲ. ಎಣ್ಣೆ ಹಾಕಬಾರದು. ಎಣ್ಣೆ ದೂಳು ಹಿಡಿದು ಅಂಟಾಗುತ್ತದೆ. ಅಂದಿನಿಂದ ಮೆಟ್ಟಿಲುಗಳು ನಿಂತವು.

ಕಾಲ ಹೊಂದಿಸುವುದು

ಇದು ನಿಜವಾಗಿ ಮಜಾ ಇರುವ ಭಾಗ. ಸರಳನ್ನು ಬೆರಳಲ್ಲಿ ಒಂದು ಸೆಂಟಿಮೀಟರ್ ಪಕ್ಕಕ್ಕೆ ತಳ್ಳಿ ಬಿಡುವುದು, ಗಡಿಯಾರ ಹಿಡಿದು ಓಲಾಟ ಎಣಿಸುವುದು. ಮುಂದಿನ ಸ್ಕ್ರೂ ಒಂಚೂರು ತಿರುಗಿಸುವುದು. ಮತ್ತೆ ಎಣಿಸುವುದು.

ಸ್ಕ್ರೂಗಳ ನಡುವೆ 40 ಸೆಂಟಿಮೀಟರ್ ದೂರ ಇರುವುದರಿಂದ ಲೆಕ್ಕ ಹೀಗೆ ಬರುತ್ತದೆ. 12 ಸೆಕೆಂಡಿನಿಂದ 16 ಸೆಕೆಂಡಿಗೆ ಏರಿಸಲು ಸುಮಾರು ಮೂರು ಸುತ್ತು. 16ರಿಂದ 20ಕ್ಕೆ ಸುಮಾರು ಒಂದೂವರೆ ಸುತ್ತು ಸಾಕು. ಅಲ್ಲಿಂದ ಮುಂದೆ ಇನ್ನು ಎರಡೂವರೆ ಸುತ್ತು ತಿರುಗಿಸಿದರೆ ವಾಲು ಪೂರ್ತಿ ಸೊನ್ನೆ. ಆಗ ಸರಳಿಗೆ ನಿಲ್ಲಲು ಜಾಗವೇ ಇಲ್ಲ, ಯಾವುದೋ ಒಂದು ಬದಿಗೆ ಹೋಗಿ ಬಡಿದುಕೊಳ್ಳುತ್ತದೆ. ಮೇಲೇರಿದಷ್ಟೂ ದಾರಿ ಕಡಿದಾಗುತ್ತದೆ. 20 ಸೆಕೆಂಡಿನಲ್ಲಿ ಸರಳು ಒಂದು ಕಡೆ ನೆಟ್ಟಗೆ ನಿಲ್ಲಲೊಲ್ಲದು. ನಾನು 16ಕ್ಕೆ ನಿಲ್ಲಿಸಿದೆ. ಆಗ ವಾಲು ಅರ್ಧ ಡಿಗ್ರಿಗಿಂತ ಒಂಚೂರು ಜಾಸ್ತಿ, ಅಷ್ಟೇ. ಸಾದಾ ಲೋಲಕವಾಗಿದ್ದರೆ ಇದಕ್ಕೆ 63 ಮೀಟರ್ ದಾರ ಬೇಕಿತ್ತು.

ಈ ನಿಧಾನಕ್ಕೆ ಬೆಲೆಯೂ ಇದೆ. ಪಕ್ಕದ ಸ್ಕ್ರೂ ಕೆಳಗೆ 0.1 ಮಿಲಿಮೀಟರ್ ದಪ್ಪದ ಒಂದು ಹಾಳೆ ಕಾಗದ ಇಟ್ಟೆ. ಸರಳಿನ ತುದಿ ಸುಮಾರು 16 ಮಿಲಿಮೀಟರ್ ಸರಿಯಿತು. ಪೆಟ್ಟಿಗೆಯ ಎಡಕ್ಕೆ ನಾನು ನಿಂತರೆ ಗೀಟು ಎಡಕ್ಕೆ ವಾಲುತ್ತದೆ. ಬಲಕ್ಕೆ ಹೋಗಿ ನಿಂತರೆ ಬಲಕ್ಕೆ. ಗಟ್ಟಿ ಕಾಂಕ್ರೀಟು ನೆಲ ನನ್ನ ಭಾರಕ್ಕೆ ಬಾಗುವುದನ್ನು ಕಣ್ಣಾರೆ ನೋಡಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ತಡೆ

ತಡೆ ಇಲ್ಲದ ಲೋಲಕ ಭೂಕಂಪಮಾಪಕವೇ ಅಲ್ಲ. ಒಂದು ಅಲೆ ಬಂದು ತಟ್ಟಿದರೆ ಅದು ತನ್ನ 16 ಸೆಕೆಂಡಿನ ಓಲಾಟವನ್ನು ಗಂಟೆಗಟ್ಟಲೆ ಮುಂದುವರಿಸುತ್ತದೆ. ಎರಡನೇ ಅಲೆ ಯಾವಾಗ ಬಂತು ಎಂಬುದು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. 19ನೇ ಶತಮಾನದ ಹೆಚ್ಚಿನ ಯಂತ್ರಗಳ ಕಷ್ಟ ಇದೇ ಆಗಿತ್ತು. 1900ರ ಸುಮಾರಿಗೆ ಎಮಿಲ್ ವೀಚರ್ಟ್ ಗಾಳಿಯ ತಡೆ ಹಾಕಿದ ಮೇಲೆಯೇ ಗೀಟುಗಳಲ್ಲಿ ಒಂದೊಂದು ಅಲೆಯೂ ಬೇರೆಬೇರೆಯಾಗಿ ಕಾಣತೊಡಗಿದ್ದು.

ನಾನು ಹಾಕಿದ್ದು ತಾಮ್ರದ ತಗಡು. ಸರಳಿನ ತುದಿಗೆ 3 ಮಿಲಿಮೀಟರ್ ದಪ್ಪದ ತಗಡು ಕಟ್ಟಿ, ಅದು ಎದುರುಬದುರು ಇಟ್ಟ ನಿಯೋಡಿಮಿಯಂ ಆಯಸ್ಕಾಂತಗಳ ನಡುವೆ ಓಡಾಡುವಂತೆ ಮಾಡಿದೆ. ತಗಡು ಅಲುಗಿದರೆ ಅದರೊಳಗೆ ಸುಳಿ ವಿದ್ಯುತ್ ಹುಟ್ಟುತ್ತದೆ, ಅದು ಅಲುಗಾಟವನ್ನೇ ತಡೆಯುತ್ತದೆ. ಎಲ್ಲೂ ಮುಟ್ಟುವುದಿಲ್ಲ, ಎಲ್ಲೂ ಉಜ್ಜುವುದಿಲ್ಲ. ಆಯಸ್ಕಾಂತಗಳನ್ನು ಹತ್ತಿರ ತಂದರೆ ತಡೆ ಜಾಸ್ತಿ, ದೂರ ಸರಿಸಿದರೆ ಕಡಿಮೆ. ಎಷ್ಟು ಬೇಕು ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಸರಳನ್ನು 20 ಮಿಲಿಮೀಟರ್ ತಳ್ಳಿ ಬಿಡಿ. ಅದು ನಡುವನ್ನು ದಾಟಿ ಆ ಬದಿಗೆ ಸುಮಾರು 1 ಮಿಲಿಮೀಟರ್ ಹೋಗಿ, ಮರಳಿ ಬಂದು ನಿಂತರೆ ತಡೆ ಸರಿಯಾಗಿದೆ. ಆ ಬದಿಗೆ ಹೋಗಲೇ ಇಲ್ಲ ಎಂದರೆ ಜಾಸ್ತಿಯಾಯಿತು.

ಆಯಸ್ಕಾಂತ ಬುಡದ ಹಲಗೆಗೆ ಭದ್ರವಾಗಿರಬೇಕು, ಸರಳಿಗೆ ಕಟ್ಟಬಾರದು. ಸರಳಿಗೆ ಕಟ್ಟಿದರೆ ಅದು ದಿಕ್ಸೂಚಿಯಾಗಿಬಿಡುತ್ತದೆ. ಆಮೇಲೆ ಅಳೆಯುವುದು ಭೂಕಂಪವನ್ನೋ ಭೂಮಿಯ ಕಾಂತಕ್ಷೇತ್ರವನ್ನೋ ಗೊತ್ತಾಗುವುದಿಲ್ಲ.

ಕಾಯಿಲ್, ಆಂಪ್ಲಿಫೈಯರ್

ಚಲನೆಯನ್ನು ವಿದ್ಯುತ್ ಆಗಿ ಬದಲಿಸಲು ಒಂದು ಕಾಯಿಲ್. 0.1 ಮಿಲಿಮೀಟರ್ ಎನಾಮಲ್ ತಂತಿ, 3,000 ಸುತ್ತು. ಒಟ್ಟು ಸುಮಾರು 300 ಮೀಟರ್ ತಂತಿ, ಮೀಟರ್ ಹಾಕಿ ನೋಡಿದರೆ 650 ಓಮ್ ಆಸುಪಾಸು. ಇದನ್ನು ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ನಿಧಾನಕ್ಕೆ ಸುತ್ತಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡಬಾರದು. ಕಾಯಿಲ್ ಸರಳಿನ ತುದಿಗೆ, ಆಯಸ್ಕಾಂತ ಮತ್ತೆ ಬುಡಕ್ಕೆ. 1906ರಲ್ಲಿ ರಷ್ಯಾದ ಬೋರಿಸ್ ಗೊಲಿಟ್ಸಿನ್ ಭೂಕಂಪಮಾಪಕಕ್ಕೆ ತಂದ ಹೊಸತನ ಇದೇ. ಅದುವರೆಗೆ ಕಡ್ಡಿ, ಸೂಜಿ, ಮಸಿ ಹಿಡಿಸಿದ ಕಾಗದ ಇದ್ದ ಜಾಗಕ್ಕೆ ತಂತಿ ಬಂತು.

ಕಾಯಿಲಿನಿಂದ ಹೊರಬರುವ ಎರಡು ಎಳೆಗಳು ಸರಳಿನ ಮೈಗೆ ಅಂಟಿಕೊಂಡು ಪಿವಟ್‌ವರೆಗೆ ಬಂದು ಅಲ್ಲಿಂದ ಇಳಿಯಬೇಕು. ತುದಿಯಲ್ಲೇ ಕೆಳಗೆ ಬಿಟ್ಟರೆ ಕೂದಲಿನಷ್ಟು ಸಣ್ಣ ತಂತಿಯೂ ಸ್ಪ್ರಿಂಗ್ ಥರ ಎಳೆಯುತ್ತದೆ.

ಉಳಿದದ್ದು ಸಾಮಾನ್ಯ ಎಲೆಕ್ಟ್ರಾನಿಕ್ಸ್. ಕಾಯಿಲಿನಿಂದ ಬರುವುದು ಹತ್ತಾರು ಮೈಕ್ರೊವೋಲ್ಟ್. ಅದನ್ನು ಸಾವಿರ ಪಟ್ಟು ಹಿಗ್ಗಿಸಲು ಒಪಿ07 ಎಂಬ ಆಪ್-ಆಂಪ್ ಚಿಪ್. ಹಿಂದೆಯೇ ವೇಗದ ಅಲುಗಾಟಗಳನ್ನು, ಕರೆಂಟ್ ಲೈನಿನ ಗುಂಯ್ ಸದ್ದನ್ನು ಸೋಸುವ ಫಿಲ್ಟರ್. ಆಮೇಲೆ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ 16 ಬಿಟ್‌ನ ಎಡಿಸಿ. ಸೆಕೆಂಡಿಗೆ 20 ಸಲ ಓದಿ ಫೈಲಿಗೆ ಬರೆಯುತ್ತದೆ. ಸಮಯ ಮಾತ್ರ ನೆಟ್‌ವರ್ಕ್‌ನಿಂದಲೇ ತೆಗೆದುಕೊಳ್ಳಬೇಕು, ಅದೂ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲೇ. ಬೋರ್ಡಿನ ಸ್ವಂತ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡ್ ಆಚೀಚೆ ಆದರೂ ಮುಂದಿನ ಲೆಕ್ಕವೆಲ್ಲ ಹಾಳು.

ಪೆಟ್ಟಿಗೆ

ಇದನ್ನು ಕೊನೆಗೆ ಮಾಡಿದರಾಯಿತು ಎಂದು ಅನ್ನಿಸುತ್ತದೆ. ಆದರೆ ಪೆಟ್ಟಿಗೆ ಇಲ್ಲದೆ ಏನೂ ಕಾಣುವುದಿಲ್ಲ. ಫ್ಯಾನ್ ಹಾಕಿದರೆ ಗೀಟು ಕುಣಿಯುತ್ತದೆ. ಬಾಗಿಲು ತೆಗೆದರೆ ಗಾಳಿಯ ಒತ್ತಡಕ್ಕೆ ಒಂದು ಗುಡ್ಡ ಏಳುತ್ತದೆ. ಬಿಸಿಲು ಬಿದ್ದ ಗೋಡೆ ಹಿಗ್ಗಿ ನೆಲ ವಾಲುವುದರಿಂದ ಹಗಲು ರಾತ್ರಿ ಗೀಟು ಏರಿ ಇಳಿಯುತ್ತದೆ.

ಥರ್ಮೋಕೋಲ್ ಒಳಪದರ ಹಾಕಿದ ಪ್ಲೈವುಡ್ ಪೆಟ್ಟಿಗೆ ಮಾಡಿದೆ. ಕೀಲುಗಳಿಗೆಲ್ಲ ಟೇಪ್. ಆದರೂ ಒಂದು ಸಣ್ಣ ಅಲೆದಾಟ ಉಳಿದಿತ್ತು. ಆಂಪ್ಲಿಫೈಯರ್ ಬೋರ್ಡು ಪೆಟ್ಟಿಗೆಯೊಳಗೆ ಕೆಳಗೆ ಇತ್ತು. ಅದರ ಬಿಸಿಗೆ ಗಾಳಿ ಮೇಲೇರಿ, ತಣ್ಣಗಾಗಿ ಇಳಿದು ಸುತ್ತುತ್ತಿತ್ತು. ಬೋರ್ಡನ್ನು ಹೊರಗೆ ಸರಿಸಿದೆ. ಪೆಟ್ಟಿಗೆಯ ಮುಚ್ಚಳ ಬುಡಕ್ಕಿಂತ ಒಂಚೂರು ಬೆಚ್ಚಗಿದ್ದರೆ ಒಳ್ಳೆಯದು. ಬೆಚ್ಚನೆ ಗಾಳಿ ಮೇಲೆ, ತಣ್ಣನೆಯದು ಕೆಳಗೆ ಇದ್ದರೆ ಸುತ್ತಾಟವೇ ಇರುವುದಿಲ್ಲ. ಇನ್ನೊಂದು ಶತ್ರು ಜೇಡ. ಸರಳಿನಿಂದ ಬುಡಕ್ಕೆ ಒಂದೇ ಒಂದು ಎಳೆ ಬಲೆ ಕಟ್ಟಿದರೂ ಸಾಕು, ಓಲಾಟ ಕೆಡುತ್ತದೆ. ಟೇಪ್ ಅದಕ್ಕೂ ಉಪಯೋಗಕ್ಕೆ ಬಂತು.

ಮೊದಲು ಕಂಡದ್ದು ಸಮುದ್ರ

ಎಲ್ಲ ಸರಿಹೋದ ಮೇಲೆ ಗೀಟು ನೇರವಾಗುತ್ತದೆ ಎಂದುಕೊಂಡರೆ ಹಾಗಲ್ಲ. ಒಂದೇ ಸಮನೆ ಸಣ್ಣ ಅಲೆಗಳು. 5ರಿಂದ 8 ಸೆಕೆಂಡಿಗೆ ಒಂದು. ಸ್ವಲ್ಪ ಹೊತ್ತು ಉಬ್ಬುತ್ತವೆ, ತಗ್ಗುತ್ತವೆ, ಮತ್ತೆ ಉಬ್ಬುತ್ತವೆ. ವಯರ್ ಬಿಗಿಮಾಡಿ, ಬೋರ್ಡು ಬದಲಿಸಿ ಹೊಡೆದೋಡಿಸುವಂಥದ್ದಲ್ಲ ಇದು. ಇದು ಸಮುದ್ರದ ಕೆಲಸ. ಎದುರುಬದುರು ಬರುವ ಎರಡು ಅಲೆಗಳು ಕಡಲಲ್ಲಿ ಸೇರಿದಾಗ ತಳದ ಮೇಲೆ ಒತ್ತಡ ಏರಿಳಿಯುತ್ತದೆ. ಆ ಏರಿಳಿತದ ಕಾಲ ಕಡಲ ಅಲೆಯ ಕಾಲದ ಅರ್ಧ. 1950ರಲ್ಲಿ ಮೈಕಲ್ ಲಾಂಗೆಟ್ ಹಿಗಿನ್ಸ್ ಇದರ ಗಣಿತ ಬಿಡಿಸಿದರು. ಖಂಡಗಳ ನಡುಮಧ್ಯದಲ್ಲಿ ಇಟ್ಟ ಯಂತ್ರಕ್ಕೂ ಇದು ಕಾಣುತ್ತದೆ. ಎಲ್ಲೋ ಕಡಲಲ್ಲಿ ಚಂಡಮಾರುತ ಎದ್ದರೆ ಗೀಟು ದಪ್ಪಗಾಗುತ್ತದೆ. ಯಂತ್ರ ಸರಿಯಾಗಿದೆ ಎನ್ನಲು ಇದಕ್ಕಿಂತ ಒಳ್ಳೆ ಗುರುತು ಬೇಡ. ಈ ಅಲೆಗಳು ಕಾಣದಿದ್ದರೆ ಇನ್ನೂ ಎಲ್ಲೋ ಏನೋ ಕಚ್ಚಿಕೊಂಡಿದೆ ಎಂದೇ ಅರ್ಥ.

ಒಂದು ಗೀಟು, ಹತ್ತಿರದಿಂದ

ಒಂದು ದೂರದ ಭೂಕಂಪದ ದಾಖಲೆಯನ್ನು ನೋಡೋಣ. ಎಡಬದಿಯಲ್ಲಿ ಸಮುದ್ರದ ಗೊಣಗಾಟ ಮಾತ್ರ. ಒಂದು ಜಾಗದಲ್ಲಿ ಅದರ ನಡುವೆ ಚೂಪಾದ ನಾಲ್ಕೈದು ಹಲ್ಲು. ಗೊತ್ತಿಲ್ಲದವರಿಗೆ ಕಾಣದಷ್ಟು ಸಣ್ಣದು. ಅದು ಪಿ ಅಲೆ. ಬಂಡೆಯನ್ನು ಮುಂದೆ ಹಿಂದೆ ಒತ್ತುತ್ತಾ ಬರುವ, ಎಲ್ಲಕ್ಕಿಂತ ವೇಗದ ಅಲೆ. ದೂರದಿಂದ ಬರುವ ಪಿ ಅಲೆ ಭೂಮಿಯ ಆಳಕ್ಕಿಳಿದು ಹೆಚ್ಚುಕಡಿಮೆ ಕೆಳಗಿನಿಂದ ನೇರವಾಗಿ ಮೇಲೆದ್ದು ಬರುತ್ತದೆ. ನೆಲವನ್ನು ಮೇಲೆ ಕೆಳಗೆ ಅಲುಗಿಸುತ್ತದೆ, ಪಕ್ಕಕ್ಕಲ್ಲ. ಪಕ್ಕದ ಅಲುಗಾಟ ಮಾತ್ರ ಅಳೆಯುವ ನನ್ನ ಯಂತ್ರಕ್ಕೆ ಅದು ಸಣ್ಣಗೆ ಕಾಣುವುದು ಸಹಜ.

ಅಲ್ಲಿಂದ ಎಂಟು ನಿಮಿಷ ದಾಟಿದ ಮೇಲೆ ಗೀಟು ಒಮ್ಮೆಲೇ ಅಗಲವಾಗುತ್ತದೆ. ಇದು ಎಸ್ ಅಲೆ. ಬಂಡೆಯನ್ನು ಪಕ್ಕಕ್ಕೆ ತಿರುಚುತ್ತಾ ಬರುತ್ತದೆ, ಹಾಗಾಗಿ ಲೋಲಕಕ್ಕೆ ಹಬ್ಬ. ಪಿ ಬಂದು ಕಾಲು ಗಂಟೆ ಕಳೆದ ಮೇಲೆ ಮೇಲ್ಮೈ ಅಲೆಗಳ ಮೆರವಣಿಗೆ. ಮೊದಲು ಅಗಲವಾದ ನಿಧಾನದ ಅಲೆಗಳು, ಹಿಂದೆಹಿಂದೆ 20 ಸೆಕೆಂಡಿನವು. ಉದ್ದನೆಯ ಅಲೆಗಳು ಆಳದ ಗಟ್ಟಿ ಬಂಡೆಯನ್ನು ಮುಟ್ಟುತ್ತಾ ಬರುತ್ತವೆ, ಅದಕ್ಕೇ ಮೊದಲು ತಲುಪುತ್ತವೆ.

ಪಿ ಮತ್ತು ಎಸ್ ನಡುವಿನ ಅಂತರವೇ ದೂರ ಹೇಳುತ್ತದೆ. ಹತ್ತಿರದ ಭೂಕಂಪವಾದರೆ ಆ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ದೂರದ್ದಕ್ಕೆ ಆ ಲೆಕ್ಕ ನಡೆಯುವುದಿಲ್ಲ, ಎಷ್ಟು ದೂರಕ್ಕೆ ಅಲೆಗೆ ಎಷ್ಟು ಹೊತ್ತು ಬೇಕು ಎಂಬ ಪಟ್ಟಿ ನೋಡಬೇಕು. ಎಂಟು ನಿಮಿಷ ಚಿಲ್ಲರೆ ಎಂದರೆ ಸುಮಾರು 60 ಡಿಗ್ರಿ. ಭೂಮಿಯ ನಡುವಿನಿಂದ ಅಳೆದ ಕೋನ ಅದು, ಒಂದು ಡಿಗ್ರಿಗೆ 111 ಕಿಲೋಮೀಟರ್. ಅಂದರೆ ಸುಮಾರು 6,700 ಕಿಲೋಮೀಟರ್ ಆಚೆ. ಯಾವ ದಿಕ್ಕು ಎಂದು ಒಂದೇ ಯಂತ್ರ ಹೇಳಲಾರದು. ಅದಕ್ಕೆ ಕನಿಷ್ಠ ಮೂರು ಕಡೆಯ ದಾಖಲೆ ಬೇಕು.

ಗೀಟಿನ ಎತ್ತರದ ಬಗ್ಗೆಯೂ ಒಂದು ಮಾತು. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕೊಟ್ಟ ಅಳತೆಯಲ್ಲಿ ಒಂದು ಅಂಕ ಏರಿದರೆ ಗೀಟಿನ ಎತ್ತರ ಹತ್ತು ಪಟ್ಟು. ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. ಹಾಗಾಗಿ 6ಕ್ಕೂ 8ಕ್ಕೂ ಎರಡೇ ಅಂಕದ ವ್ಯತ್ಯಾಸ ಎಂದು ಸುಮ್ನೆ ಅಂದುಕೊಳ್ಳಬೇಡಿ. ಅದು ಸಾವಿರ ಪಟ್ಟು.

ಅದೇ ಪಟ್ಟಿಯಿಂದ ಭೂಮಿಯ ಒಳಗೆ

ಪಿ ಅಲೆಗಳ ಪಟ್ಟಿ ಕೈಯಲ್ಲಿದ್ದರೆ ಕ್ಯಾಲ್ಕುಲೇಟರ್ ಹಿಡಿದು ಒಂದು ಆಟ ಆಡಬಹುದು. ಅಲೆ ನೇರ ಗೆರೆಯಲ್ಲಿ ಭೂಮಿಯನ್ನು ಕೊರೆದುಕೊಂಡು ಬಂತು ಎಂದಿಟ್ಟುಕೊಳ್ಳಿ. ನಿಜದಲ್ಲಿ ಅದು ಬಾಗಿ ಇನ್ನೂ ಆಳಕ್ಕೆ ಹೋಗುತ್ತದೆ, ಆದರೂ ಲೆಕ್ಕಕ್ಕೆ ಇಷ್ಟು ಸಾಕು. 30 ಡಿಗ್ರಿ ದೂರಕ್ಕೆ ನೇರ ದಾರಿ ಸುಮಾರು 3,300 ಕಿಲೋಮೀಟರ್, ಹಿಡಿಯುವ ಸಮಯ 6 ನಿಮಿಷ 10 ಸೆಕೆಂಡ್. ಸರಾಸರಿ ವೇಗ ಸೆಕೆಂಡಿಗೆ 8.9 ಕಿಲೋಮೀಟರ್. 60 ಡಿಗ್ರಿಗೆ 6,371 ಕಿಲೋಮೀಟರ್, ಹತ್ತು ನಿಮಿಷದ ಆಸುಪಾಸು. ವೇಗ 10.5. 90 ಡಿಗ್ರಿಗೆ 9,010 ಕಿಲೋಮೀಟರ್, 13 ನಿಮಿಷ. ವೇಗ 11.5. ಆಳಕ್ಕೆ ಹೋದಷ್ಟೂ ವೇಗ ಜಾಸ್ತಿ. ಅಂದರೆ ಕೆಳಗೆ ಹೋದಷ್ಟೂ ಬಂಡೆ ಹೆಚ್ಚು ಬಿಗಿಯಾಗಿದೆ.

ಈಗ ಪೂರ್ತಿ ಎದುರು ಬದಿಗೆ ಹೋಗಿ. 180 ಡಿಗ್ರಿ. ನಟ್ಟನಡುವೆ 12,742 ಕಿಲೋಮೀಟರ್. ಏರಿಕೆ ಹೀಗೇ ಮುಂದುವರಿದಿದ್ದರೆ ವೇಗ 12 ದಾಟಬೇಕಿತ್ತು. ಅಲೆ ತೆಗೆದುಕೊಳ್ಳುವುದು 20 ನಿಮಿಷ 12 ಸೆಕೆಂಡ್. ವೇಗ 10.5ಕ್ಕೆ ಇಳಿಯಿತು. ನಡುವೆ ಏನೋ ಅಲೆಯನ್ನು ನಿಧಾನ ಮಾಡಿದೆ.

ಆ ಏನೋ ಎಂಬುದೇ ಭೂಮಿಯ ತಿರುಳು. ರಿಚರ್ಡ್ ಓಲ್ಡ್‌ಹ್ಯಾಮ್ 1906ರಲ್ಲಿ, ಆಚೆ ಬದಿಗೆ ಬರುವ ಅಲೆಗಳು ತಡವಾಗುವುದನ್ನು ನೋಡಿಯೇ ಭೂಮಿಗೆ ಬೇರೆ ತಿರುಳು ಇದೆ ಎಂದರು. ಪಿ, ಎಸ್, ಮೇಲ್ಮೈ ಅಲೆಗಳನ್ನು ಗೀಟುಗಳಲ್ಲಿ ಮೊದಲು ಬೇರ್ಪಡಿಸಿ ತೋರಿಸಿದವರೂ ಅವರೇ, 1897ರ ಅಸ್ಸಾಂ ಭೂಕಂಪದ ದಾಖಲೆಗಳಿಂದ. ತಿರುಳು ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಶುರುವಾಗುತ್ತದೆ ಎಂದು ಬೆನೊ ಗುಟೆನ್‌ಬರ್ಗ್ ಲೆಕ್ಕ ಹಾಕಿದರು. ಆ ಗಡಿಯಲ್ಲಿ ಪಿ ಅಲೆಯ ವೇಗ 13.7ರಿಂದ 8ಕ್ಕೆ ಬೀಳುತ್ತದೆ. ಎಸ್ ಅಲೆ ಅಲ್ಲಿಗೇ ಮುಗಿಯುತ್ತದೆ, ಒಳಗೆ ಹೋಗುವುದಿಲ್ಲ. ದ್ರವವನ್ನು ಒತ್ತಬಹುದು, ಆದರೆ ತಿರುಚಿದರೆ ಅದು ಹಿಂದಕ್ಕೆ ಪುಟಿಯುವುದಿಲ್ಲ. ಹಾಗಾಗಿ ಹೊರ ತಿರುಳು ಕರಗಿದ ಕಬ್ಬಿಣ. 1926ರಲ್ಲಿ ಹೆರಾಲ್ಡ್ ಜೆಫ್ರಿಸ್ ಇದನ್ನು ಗಟ್ಟಿ ಮಾಡಿದರು.

ತಿರುಳಿಗೆ ಹೊಕ್ಕ ಅಲೆ ಬಾಗುವುದರಿಂದ ಭೂಕಂಪದಿಂದ ಸುಮಾರು 104 ಡಿಗ್ರಿಯಿಂದ 140 ಡಿಗ್ರಿವರೆಗಿನ ಪಟ್ಟಿಗೆ ನೇರ ಪಿ ಅಲೆ ಬೀಳುವುದಿಲ್ಲ. ಅಲ್ಲಿ ಏನೂ ಇರಬಾರದು. ಆದರೆ 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳಲ್ಲಿ ಅದೇ ನೆರಳಿನ ಪಟ್ಟಿಯಲ್ಲಿ ಮಂಕಾದ ಪಿ ಅಲೆಗಳಿದ್ದವು. ಡೆನ್ಮಾರ್ಕಿನ ಇಂಗ ಲೇಮನ್ ಅವುಗಳನ್ನು ಯಂತ್ರದ ದೋಷ ಎಂದು ಬಿಸಾಡಲಿಲ್ಲ. ದ್ರವದೊಳಗೆ ಇನ್ನೊಂದು ತಿರುಳು ಇದ್ದು, ಅಲೆಗಳು ಅದಕ್ಕೆ ತಾಗಿ ಬಂದಿವೆ ಎಂದು 1936ರಲ್ಲಿ ಹೇಳಿದರು. ಅದು ಗಟ್ಟಿ ಒಳ ತಿರುಳು, ತ್ರಿಜ್ಯ ಸುಮಾರು 1,220 ಕಿಲೋಮೀಟರ್. ಜೇಡದ ಬಲೆ, ಫ್ಯಾನಿನ ಗಾಳಿ ಎಂದು ಸಣ್ಣಪುಟ್ಟ ಅಲುಗಾಟಗಳನ್ನೆಲ್ಲ ಅಳಿಸುತ್ತಾ ಕೂರುವ ನನ್ನಂಥವರಿಗೆ ಆ ಎಚ್ಚರ ಎಷ್ಟು ಕಷ್ಟದ್ದು ಎಂದು ಚೆನ್ನಾಗಿ ಗೊತ್ತು.

ಮೇಲಿನ ಗಡಿಯನ್ನು ನನ್ನ ಲೋಲಕ ತೋರಿಸುವುದಿಲ್ಲ. ಹೊರಪದರಕ್ಕೂ ಅದರ ಕೆಳಗಿನ ದಪ್ಪ ಬಂಡೆಯ ಪದರವಾದ ಮ್ಯಾಂಟಲ್‌ಗೂ ನಡುವಿನ ಆ ಗಡಿಯನ್ನು ಆಂಡ್ರಿಯಾ ಮೊಹೊರೊವಿಚಿಚ್ 1909ರಲ್ಲಿ ಕಂಡುಕೊಂಡದ್ದು ಜಾಗ್ರೆಬ್ ಬಳಿಯ ಭೂಕಂಪದಿಂದ. ಅದಕ್ಕೆ ಹತ್ತಿರದ ಭೂಕಂಪ, ವೇಗದ ಯಂತ್ರ ಬೇಕು. ಕಡಲ ಕೆಳಗೆ ಹೊರಪದರ ಸುಮಾರು 7 ಕಿಲೋಮೀಟರ್, ಖಂಡಗಳ ಕೆಳಗೆ 35ರಿಂದ 40, ಟಿಬೆಟ್ಟಿನ ಕೆಳಗೆ ಸುಮಾರು 70.

ಜ್ವಾಲಾಮುಖಿ ಎಲ್ಲಿ ಬರುತ್ತದೆ

ನೆಲ ಅಗೆದರೆ ಕೆಳಗೆಲ್ಲ ಕುದಿಯುವ ಲಾವಾ ಎಂಬುದು ತುಂಬಾ ಜನರ ನಂಬಿಕೆ. ನನ್ನ ಗೀಟಿನ ಎಸ್ ಅಲೆಯೇ ಅದಕ್ಕೆ ಉತ್ತರ. ಅದು ಮ್ಯಾಂಟಲ್‌ನೊಳಗೆ ಸಾವಿರಾರು ಕಿಲೋಮೀಟರ್ ದಾಟಿ ಬಂದಿದೆ. ಮ್ಯಾಂಟಲ್ ದ್ರವವಾಗಿದ್ದರೆ ಬರಲು ಸಾಧ್ಯವಿರಲಿಲ್ಲ. ಅದು ಬಿಸಿಯಾದ, ಆದರೆ ಗಟ್ಟಿ ಬಂಡೆ. ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಆ ಭಾರ ಕಡಿಮೆಯಾದ ಕಡೆ, ಅಂದರೆ ಪ್ಲೇಟುಗಳು ಬೇರ್ಪಡುವ ಕಡೆ, ಬಂಡೆ ಮೇಲೇರುತ್ತಾ ಸ್ವಲ್ಪ ಕರಗುತ್ತದೆ. ಒಂದು ಪ್ಲೇಟು ಇನ್ನೊಂದರ ಕೆಳಗೆ ಇಳಿಯುವ ಕಡೆ ಅದರ ಜೊತೆ ಹೋದ ನೀರು ಬಂಡೆಯ ಕರಗುವ ಬಿಸಿಯನ್ನು ತಗ್ಗಿಸುತ್ತದೆ. ಹವಾಯಿಯಂಥ ಕಡೆ ಆಳದಿಂದ ಹೆಚ್ಚು ಬಿಸಿಯಾದ ಬಂಡೆ ಎದ್ದು ಬರುತ್ತದೆ. ಮ್ಯಾಗ್ಮಾ, ಅಂದರೆ ಕರಗಿದ ಬಂಡೆ, ಹುಟ್ಟುವುದು ಇಂಥ ಕೆಲವೇ ಜಾಗಗಳಲ್ಲಿ.

ಮ್ಯಾಗ್ಮಾ ಸರಿಯುವಾಗಲೂ ನೆಲ ನಡುಗುತ್ತದೆ, ಆದರೆ ನಡುಕದ ರೂಪ ಬೇರೆ. 2018ರ ನವೆಂಬರ್ 11ರಂದು ಹಿಂದೂ ಮಹಾಸಾಗರದ ಮಾಯೋಟ್ ದ್ವೀಪದ ಬಳಿಯಿಂದ ಒಂದು ವಿಚಿತ್ರ ಅಲೆ ಹೊರಟಿತು. ಹಲ್ಲುಗಳಿಲ್ಲ, ಗದ್ದಲವಿಲ್ಲ. 17 ಸೆಕೆಂಡಿಗೆ ಒಂದರಂತೆ ನಯವಾದ ಅಲೆಗಳು, ಸುಮಾರು 20 ನಿಮಿಷ. ಜಗತ್ತಿನ ಎಲ್ಲ ಕಡೆಯ ಯಂತ್ರಗಳಲ್ಲೂ ದಾಖಲಾಯಿತು. ಜನರಿಗೆ ಏನೂ ಗೊತ್ತಾಗಲಿಲ್ಲ. ಮರುವರ್ಷ ಹಡಗಿನಲ್ಲಿ ಹೋಗಿ ನೋಡಿದರೆ ಕಡಲ ತಳದಲ್ಲಿ ಸುಮಾರು 800 ಮೀಟರ್ ಎತ್ತರದ ಹೊಸ ಜ್ವಾಲಾಮುಖಿ ಎದ್ದು ನಿಂತಿತ್ತು. 17 ಸೆಕೆಂಡ್ ಎಂದರೆ ನನ್ನ ಲೋಲಕದ 16ರ ಪಕ್ಕದಲ್ಲೇ. ಅದನ್ನು 16ಕ್ಕೆ ನಿಲ್ಲಿಸಿದ್ದಕ್ಕೆ ಇದು ಕಾರಣವಲ್ಲ, ಆದರೆ ಬದಲಿಸದೆ ಹಾಗೇ ಇಟ್ಟಿರುವುದಕ್ಕೆ ಇದೂ ಒಂದು ಕಾರಣ.

ಮುಂದಿನದು

ಪಿ ಅಲೆ ಚೆನ್ನಾಗಿ ಸಿಗಬೇಕಾದರೆ, ತಿರುಳನ್ನು ಹಾದು ಬಂದ ಅಲೆಗಳನ್ನು ನೋಡಬೇಕಾದರೆ ಮೇಲೆ ಕೆಳಗೆ ಅಳೆಯುವ ಯಂತ್ರವೇ ಬೇಕು. ಅಲ್ಲಿ ವಾಲಿಸುವ ಉಪಾಯ ನಡೆಯುವುದಿಲ್ಲ, ಸ್ಪ್ರಿಂಗ್ ಬೇಕು. ಲೂಸಿಯನ್ ಲಾಕೋಸ್ಟ್ 1934ರಲ್ಲಿ ಪ್ರಕಟಿಸಿದ ಜೋಡಣೆ ಇದೆ. ಸ್ಪ್ರಿಂಗನ್ನು ಓರೆಯಾಗಿ ಕಟ್ಟಿ, ಅದರ ಎಳೆತ ಅದರ ಪೂರ್ತಿ ಉದ್ದಕ್ಕೆ ತಕ್ಕಂತೆ ಇರುವ ಹಾಗೆ ಬಿಗಿಯಾಗಿ ಸುತ್ತಿದರೆ ಇಲ್ಲೂ 20 ಸೆಕೆಂಡ್ ಸಿಗುತ್ತದೆ. ತೊಂದರೆ ಇರುವುದು ಬಿಸಿಯಲ್ಲಿ. ಉಕ್ಕಿನ ಸ್ಪ್ರಿಂಗ್ ಬೆಚ್ಚಗಾದರೆ ಮೆದುವಾಗುತ್ತದೆ, ತೂಕ ಇಳಿಯುತ್ತದೆ. ಹಾಗಾಗಿ ಈ ಸಲ ಪೆಟ್ಟಿಗೆಯೇ ಮೊದಲು. ಥರ್ಮೋಕೋಲ್ ಎರಡು ಪದರ ಕತ್ತರಿಸಿಟ್ಟಿದ್ದೇನೆ, ಒಳಗೆ ಒಂದು ತಾಪಮಾಪಕ ಇಟ್ಟು ಹಗಲು ರಾತ್ರಿ ಬಿಸಿ ಎಷ್ಟು ಏರಿಳಿಯುತ್ತದೆ ಎಂದು ಬರೆದುಕೊಳ್ಳುತ್ತಿದ್ದೇನೆ. ಸ್ಪ್ರಿಂಗ್ ಸುತ್ತುವುದು ಆಮೇಲೆ.